ಸೊಸೆ ಬಂದರೆ ಹೇಳಮ್ಮ

ಅತ್ತೆಗೆ ನಮಸ್ಕಾರಗಳು.

ನಿಮ್ಮ ಮಗಳು ಇದನ್ನು ಓದಿ ಹೇಳಿದರೂ, ಬರೆದವಳು ಯಾರು ಅಂತ ನೀವು ಕೇಳಬಹುದು. ಆದರೂ ಬರೆಯುತ್ತಿದ್ದೇನೆ. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದರೂ ನಾವಿಬ್ಬರು ಮನಸ್ಸು ಬಿಚ್ಚಿ ಮಾತಾಡಿದ್ದು ಕಡಿಮೆ.

ಕೀಮೋ ಅಂದರೆ ಹೇಗೋ ಹಲ್ಲು ಕಚ್ಚಿ ಮುಗಿಸಿಬಿಡಬಹುದು ಅಂದುಕೊಂಡಿದ್ದೆ. ಮೂರನೆಯ ಸಲ ಹೋದಾಗ ರಕ್ತದಲ್ಲಿ ಬಿಳಿಕಣ ಇಳಿದಿದೆ, ಮುಂದಿನ ವಾರ ಬನ್ನಿ ಅಂತ ವಾಪಸ್ ಕಳಿಸಿದರು. ಮುಂದಿನ ವಾರವೂ ಅದೇ ಮಾತು. ಆಮೇಲೆ ಜ್ವರ ಬಂದು ವಾರ್ಡಿನಲ್ಲೇ ಮಲಗಿದೆ. ಬಾಯಿ ತುಂಬ ಹುಣ್ಣು. ಬೆರಳ ತುದಿಗಳು ಜೋಮು ಹಿಡಿದು, ಹೊಲಿಗೆ ಮಷಿನ್ನಿನ ಸೂಜಿ ಚುಚ್ಚಿದ್ದೂ ಬಟ್ಟೆಯ ಮೇಲೆ ರಕ್ತ ಕಂಡಮೇಲೆ ಗೊತ್ತಾಗುತ್ತಿತ್ತು.

ವಾರ್ಡಿನಲ್ಲಿ ಉಳಿದ ಕೂದಲೂ ಉದುರಿ, ಬೋಳು ತಲೆಯಲ್ಲಿ ಮನೆಗೆ ಬಂದ ದಿನ ನೀವು ಬಾಗಿಲಲ್ಲೇ ನಿಂತಿದ್ದಿರಿ. "ಯಾರಮ್ಮ ನೀನು? ಪಾಪ, ಹುಷಾರಿಲ್ವಾ? ಬಾ, ಕೂತ್ಕೋ. ನಮ್ಮ ಸೊಸೆ ಈಗ ಬರ್ತಾಳೆ, ಊಟ ಹಾಕ್ತಾಳೆ." ನಿಮ್ಮ ಮರೆವಿನಲ್ಲಿ ಎಲ್ಲರೂ ಒಬ್ಬೊಬ್ಬರಾಗಿ ಕಳೆದುಹೋದರೂ ನನ್ನ ಮುಖ ಉಳಿದಿತ್ತು. ಕೂದಲಿನ ಜೊತೆ ಅದೂ ಹೋಯಿತು.

ನಿಮ್ಮ ಮಗ ಏನೋ ಹೇಳಲು ಬಂದರು. ಬೇಡ ಅಂತ ಸನ್ನೆ ಮಾಡಿದೆ. ತಲೆಗೆ ಬಟ್ಟೆ ಸುತ್ತಿಕೊಂಡು ನಾನೇ ಅನ್ನ ಬಡಿಸಿ ತಂದರೆ, ನೀವು ತಟ್ಟೆಯನ್ನು ನನ್ನ ಕಡೆಗೇ ಸರಿಸಿದಿರಿ. "ನೀನು ಉಣ್ಣು. ನಮ್ಮ ಸೊಸೆ ಕೈರುಚಿ ಚೆನ್ನಾಗಿರುತ್ತೆ. ಅವಳ ಮುಂದೆ ಮಾತ್ರ ಹೇಳ್ಬೇಡ, ತಲೆ ಮೇಲೆ ಕೂರ್ತಾಳೆ." ಮಷಿನ್ನಿನ ಸದ್ದಿಗೆ, ಸಾರಿನ ಉಪ್ಪಿಗೆ ನೀವು ಗೊಣಗಿದ್ದನ್ನೇ ಕೇಳಿದ ಕಿವಿ ನನ್ನದು. ಕಣ್ಣು ತುಂಬಿ ಬಂತು. ಹುಣ್ಣಿನ ಉರಿ ಅಂದೆ.

ಆಮೇಲೆ ಸ್ಕ್ಯಾನ್ ಆಯಿತು. ಔಷಧಿ ಕೆಲಸ ಮಾಡಿಲ್ಲ, ಗೆಡ್ಡೆ ಇನ್ನೂ ಬೆಳೆದಿದೆ, ಇದಕ್ಕಿಂತ ಜೋರಿನದು ಕೊಡಬೇಕು ಅಂದರು ಡಾಕ್ಟರು. ಆ ವಾರವೇ ಒಂದು ಮಧ್ಯಾಹ್ನ ನಾನು ಸುಸ್ತಾಗಿ ಮಲಗಿದ್ದಾಗ ನೀವು ಒಲೆ ಹಚ್ಚದೆ ಗ್ಯಾಸ್ ತಿರುಗಿಸಿಟ್ಟಿರಿ. ವಾಸನೆಗೆ ಎದ್ದು ಗೋಡೆ ಹಿಡಿದುಕೊಂಡು ಬಂದು ಬಂದ್ ಮಾಡಿದೆ. ಮಾರನೆಯ ದಿನದಿಂದ ನಿಮ್ಮ ಮೊಮ್ಮಗಳು ಪುಟ್ಟಿ ನಿಮ್ಮನ್ನು ಕಾಯಲು ಶಾಲೆಗೆ ಹೋಗದೆ ಕೂತಳು. ಪರೀಕ್ಷೆ ತಪ್ಪಿಸಿಕೊಂಡದ್ದನ್ನೂ ನನಗೆ ಹೇಳಲಿಲ್ಲ.

ಅದಕ್ಕೇ ಅತ್ತೆ, ನಿಮ್ಮನ್ನು ಮಗಳ ಮನೆಗೆ ಕಳಿಸೋಣ ಅಂದವಳು ನಾನೇ. ನಿಮ್ಮ ಮಗನಿಗೆ ಬಾಯಿ ಬರುತ್ತಿರಲಿಲ್ಲ.

ಕಾರಿನಲ್ಲಿ ಕೂತು ನೀವು ನನ್ನ ಕೈ ಹಿಡಿದಿರಿ. "ನಮ್ಮ ಸೊಸೆ ಬಂದ್ರೆ ಹೇಳಮ್ಮ, ಮಗಳ ಮನೆಗೆ ಹೋಗಿ ಬರ್ತೀನಿ ಅಂತ. ಹೇಳದೆ ಹೋದ್ರೆ ನೊಂದ್ಕೋತಾಳೆ." ಹೇಳ್ತೀನಿ ಅಂದೆ. ನಾನೇ ಅವಳು ಅನ್ನಲು ಕಿಟಕಿಗೆ ಬಗ್ಗಿದೆ. ಅಷ್ಟರಲ್ಲಿ ಕಾರು ಹೊರಟಿತು.

ಪುಟ್ಟಿ ಮತ್ತೆ ಶಾಲೆಗೆ ಹೋಗುತ್ತಿದ್ದಾಳೆ. ಹಗಲೆಲ್ಲ ಮನೆ ಬಿಕೋ ಅನ್ನುತ್ತದೆ. ಹೊಸ ಔಷಧಿ ಶುರುವಾಗಿದೆ; ಗುಣ ಕಾಣುತ್ತದೋ ಇಲ್ಲವೋ ಡಾಕ್ಟರೂ ಹೇಳುತ್ತಿಲ್ಲ. ಕಂಡರೆ, ಕೂದಲು ಬಂದಮೇಲೆ ನಾನೇ ಬಂದು ಕರೆದುಕೊಂಡು ಬರುತ್ತೇನೆ. ಇಲ್ಲದಿದ್ದರೆ ನಿಮಗೆ ಯಾರೂ ಏನೂ ಹೇಳಬಾರದು ಅಂತ ನಿಮ್ಮ ಮಗನಿಗೆ ಹೇಳಿಟ್ಟಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿ, ಅತ್ತೆ. ನೆಮ್ಮದಿಯಾಗಿರಿ. ನನ್ನ ಹೆಸರು ನೆನಪಿಗೆ ಬರದಿದ್ದರೂ ಸರಿ, ಒಂದು ಆಶೀರ್ವಾದ ಮಾಡಿ.

ನಿಮ್ಮ
ಸೊಸೆ