ನಿಜ ಹೇಳಿದವರಿಗೆ ಆಮೆಯ ಚಿತ್ರ

ಮಾನ್ಯ ಮಾಹಿತಿ ಸುರಕ್ಷತಾ ಅಧಿಕಾರಿಗಳೇ,

ನಮ್ಮ ಕಣ್ಣಾಸ್ಪತ್ರೆಯ ನೋಂದಣಿ ವಿಭಾಗದಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಹಿರಿಯ ಗುಮಾಸ್ತೆಯನ್ನು ತಾವು ಅಮಾನತು ಮಾಡಿದ್ದೀರಿ. ಆದೇಶ ತಪ್ಪು ಮೇಜಿಗೆ ಹೋಗಿದೆ. ಅದು ಬರಬೇಕಾಗಿದ್ದದ್ದು ಪಕ್ಕದ ಮೇಜಿನ ನನಗೆ. ಒಂದು ಪ್ರತಿ ತಮಗೂ.

ಮೊದಲೆಲ್ಲ ಸೈಬರ್ ಸುರಕ್ಷತೆಯ ತರಬೇತಿ ಎಂದರೆ ಸಭಾಂಗಣದಲ್ಲಿ ನಾಲ್ಕು ಗಂಟೆಯ ನಿದ್ದೆ. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಆಮೇಲೆ ತಾವು 'ಕೋಟೆ ಕಾವಲು' ಎಂಬ ಆಟ ತಂದಿರಿ. ತಂಡಗಳಾದವು, ಅಂಕಗಳು ಬಂದವು. ನಮ್ಮನ್ನು ಪರೀಕ್ಷಿಸಲು ತಾವೇ ಕಳಿಸುವ ನಕಲಿ ಇಮೇಲ್ ತೆರೆದವರ ಹೆಸರಿನ ಮುಂದೆ ಕ್ಯಾಂಟೀನ್ ಟಿವಿಯಲ್ಲಿ ಆಮೆಯ ಚಿತ್ರ! ಸುಳ್ಳೇಕೆ, ನಮಗೆಲ್ಲ ಹುಚ್ಚು ಹಿಡಿಯಿತು. ನಾನಂತೂ ತಂಡದ ನಾಯಕನಾದೆ.

ಮೊದಲ ತಿಂಗಳು 'ನಿಮ್ಮ ರಜೆ ಮಂಜೂರಾಗಿದೆ' ಎಂಬ ನಕಲಿ ಇಮೇಲ್ ಬಂತು. ಮಗಳ ಹೆರಿಗೆಗೆಂದು ಮೂರು ಸಲ ರಜೆ ಕೇಳಿದ್ದ ಅಕ್ಕ ತೆರೆಯದೆ ಇರುತ್ತಾರೆಯೇ? ತೆರೆದವರು ಇಪ್ಪತ್ತಾರು ಮಂದಿ. ಆ ಕ್ಷಣವೇ ತಮ್ಮ ಕಚೇರಿಗೆ ಫೋನ್ ಮಾಡಿ, "ಸರ್, ನಾನೇನೋ ಒತ್ತಿಬಿಟ್ಟೆ, ಸ್ವಲ್ಪ ನೋಡಿ" ಅಂದವರು ಅವರೊಬ್ಬರೇ. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ತಂಡದ ಐವತ್ತು ಅಂಕ ಹೋಯಿತು, ಬಾಯಿ ಬಿಡದ ಉಳಿದವರಂತೆಯೇ ಅಕ್ಕನಿಗೂ ಆಮೆ ಬಂತು. ತಪ್ಪೊಪ್ಪಿಕೊಂಡಿದ್ದಕ್ಕೆ ತಮ್ಮ ಆಟದಲ್ಲಿ ಒಂದಂಕವೂ ಇಲ್ಲ. "ಆಮೆ ಅಕ್ಕ, ನಿಧಾನಕ್ಕೆ ತಿನ್ನಿ" ಎಂದು ಕ್ಯಾಂಟೀನ್ ನಕ್ಕಿತು. ಅಂದಿನಿಂದ ಅವರು ಊಟದ ಡಬ್ಬಿಯನ್ನು ಕೆಲಸದ ಮೇಜಿನ ಮೇಲೇ ಬಿಚ್ಚತೊಡಗಿದರು.

ಕಳೆದ ತಿಂಗಳ ಒಂದು ಗುರುವಾರ ಬಂದದ್ದು ಆಟದ್ದಲ್ಲ, ನಿಜವಾದ ವಂಚಕರದು. ಕನ್ನಡಕದ ಗಾಜು ಪೂರೈಸುವವರ ಹೆಸರಿನಲ್ಲಿ ಬಂದ ಇಮೇಲನ್ನು ಅಕ್ಕ ತೆರೆದರು. ಪರದೆ ಒಮ್ಮೆ ಮಿಟುಕಿತು.

"ಏನೋ ಒತ್ತಿಬಿಟ್ಟೆ ಕಣಪ್ಪ. ಫೋನ್ ಮಾಡಿ ಹೇಳಿಬಿಡ್ಲಾ?"

ಶನಿವಾರ ಆಟದ ಕೊನೆಯ ದಿನ. ನಾವು ಮೂವತ್ತು ಅಂಕ ಮುಂದಿದ್ದೆವು.

"ಏನೂ ಆಗಿಲ್ವಲ್ಲ ಅಕ್ಕ, ಶನಿವಾರದವರೆಗೆ ಸುಮ್ನಿರಿ" ಅಂದವನು ನಾನು.

ಶನಿವಾರ ಕಪ್ ಗೆದ್ದೆವು. ಸೋಮವಾರ, ಆ ಇಮೇಲಿನಿಂದ ಹೊಕ್ಕ ವೈರಸ್ಸಿನಿಂದಾಗಿ, ಆಸ್ಪತ್ರೆಯ ಎಲ್ಲ ಕಂಪ್ಯೂಟರುಗಳಿಗೂ ಬೀಗ ಬಿದ್ದಿತ್ತು. ಯಾರ ಎಡಗಣ್ಣು, ಯಾರ ಬಲಗಣ್ಣು ಎಂಬ ಪಟ್ಟಿ ಒಳಗೆ, ನಲವತ್ತೊಂದು ರೋಗಿಗಳು ಹೊರಗೆ. "ಯಾವ ಕಣ್ಣು ಅಂತ ನಂಗೆ ಗೊತ್ತು ಸ್ವಾಮಿ, ನಿಮಗೇ ಗೊತ್ತಿಲ್ವಾ?" ಎಂದು ಅಜ್ಜರೊಬ್ಬರು ಕೇಳಿದರು. ಒಂಬತ್ತು ದಿನ ಶಸ್ತ್ರಚಿಕಿತ್ಸೆ ನಿಂತಿತು. ಗುರುವಾರವೇ ಹೇಳಿದ್ದರೆ ಒಂದು ಕಂಪ್ಯೂಟರಿನ ವೈರ್ ಕಿತ್ತರೆ ಸಾಕಿತ್ತಂತೆ. ಇದು ತಮ್ಮ ತಂತ್ರಜ್ಞರದೇ ಮಾತು.

ವಿಚಾರಣೆಯಲ್ಲಿ ಅಕ್ಕ ನನ್ನ ಹೆಸರೆತ್ತಲಿಲ್ಲ. ನಾನೂ ಎತ್ತಲಿಲ್ಲ. ನಾಚಿಕೆಯಾಗುತ್ತಿದೆ, ಅದಕ್ಕೇ ಎಲ್ಲರೂ ಓದಲೆಂದು ಇದನ್ನು ಬಹಿರಂಗ ಪತ್ರವಾಗಿ ಬರೆಯುತ್ತಿದ್ದೇನೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಹೊಸ ಸುತ್ತೋಲೆ ಬೇಡ. ಆಟವನ್ನೂ ನಿಲ್ಲಿಸಬೇಡಿ, ನಿಯಮ ತಿದ್ದಿ. 'ತಪ್ಪು ಮಾಡಿದೆ' ಎಂದು ಮೊದಲು ಫೋನ್ ಮಾಡಿದವರಿಗೆ ಎಲ್ಲಕ್ಕಿಂತ ಹೆಚ್ಚು ಅಂಕ ಕೊಡಿ. ಅಕ್ಕನ ಅಮಾನತು ರದ್ದು ಮಾಡಿ, ಆರೋಪಪಟ್ಟಿಯಲ್ಲಿ ನನ್ನ ಹೆಸರು ಬರೆಯಿರಿ. ಅದಕ್ಕೆಲ್ಲ ಸಮಿತಿ ಕೂರಬೇಕೆನ್ನುತ್ತೀರಿ, ಗೊತ್ತು. ಆದರೆ ಕ್ಯಾಂಟೀನ್ ಟಿವಿಯಲ್ಲಿ ಅಕ್ಕನ ಹೆಸರಿನ ಮುಂದೆ ಆ ಆಮೆ ಇವತ್ತಿಗೂ ಇದೆ. ಊಟದ ಹೊತ್ತಿಗೆ ಮುಂಚೆ ಅದನ್ನು ನನ್ನ ಹೆಸರಿನ ಮುಂದೆ ಹಾಕಿಸಿ.

ಇಂತಿ,
ಕಪ್ಪನ್ನು ಇದರೊಂದಿಗೇ ಹಿಂದಿರುಗಿಸುತ್ತಿರುವ,
ಗೆದ್ದ ತಂಡದ ನಾಯಕ