ಕೆಂಪಗಾದ ಬೇರು

ಪ್ರೀತಿಯ ಅತ್ತೆ,

ಇಲ್ಲಿ ಔಷಧಿಗಾಗಿ ಬೇರುಗಳನ್ನು ಮಣ್ಣಿಲ್ಲದೆ, ಎಲೆಯೂ ಇಲ್ಲದೆ ಗಾಜಿನ ಫ್ಲಾಸ್ಕಿನಲ್ಲಿ ಬೆಳೆಸುತ್ತಾರೆ. ಹೋದ ವಾರ ನಾನು ಒಂದು ಶೆಲ್ಫಿಗೆ ಲೈಟ್ ಹಾಕುವುದನ್ನೇ ಮರೆತೆ. ಸೋಮವಾರ ನೋಡಿದರೆ ಬಿಳಿ ಬೇರುಗಳೆಲ್ಲ ಕೆಂಪಗಾಗಿವೆ. ಕೊಳೆತೇ ಹೋಯಿತು, ಇನ್ನು ಲ್ಯಾಬಿನಿಂದ ನನ್ನನ್ನು ಓಡಿಸುತ್ತಾರೆ ಎಂದು ಅಳುತ್ತಾ ಕೂತೆ. ಇವತ್ತು ಮೇಡಂ ಟೆಸ್ಟ್ ಮಾಡಿ ನಕ್ಕರು: “ಅಳಬೇಡ ಕಣೇ, ಆ ಕೆಂಪೇ ಔಷಧಿ. ಕತ್ತಲಲ್ಲಿ ನಾಲ್ಕು ಪಟ್ಟು ಜಾಸ್ತಿ ಬಂದಿದೆ. ನಾವು ಮಹಾ ಬುದ್ಧಿವಂತರು, ಇಷ್ಟು ದಿನ ಲೈಟ್ ಹಾಕ್ಕೊಂಡು ಕಾಯ್ತಾ ಕೂತಿದ್ವಿ.”

ಆ ಹೆದರಿಕೆಗೆ ಬಂದಿದ್ದ ಜ್ವರ ಬಿಟ್ಟಿದೆ, ಊಟ ಸೇರುತ್ತಿದೆ. ಓದು ಬಿಟ್ಟು ಬಂದುಬಿಡುತ್ತೇನೆ ಎಂದು ಮಂಗಳವಾರ ಅಪ್ಪನಿಗೆ ಒಂದು ಕಾರ್ಡ್ ಹಾಕಿದ್ದೆ. ಪ್ಲೀಸ್ ಅತ್ತೆ, ಅದು ಅವರ ಕೈಗೆ ಸಿಗದ ಹಾಗೆ ಎತ್ತಿಟ್ಟುಬಿಡಿ. ಅಪ್ಪ ಆಗಲೇ ಓದಿದ್ದರೆ ಈ ಪತ್ರವನ್ನು ಕೊಡಿ.

ಅವಸರದಲ್ಲಿ,
ನಿಮ್ಮ ಗುಬ್ಬಿ