ನನ್ನ ಕೈಯಾರೆ ತುಂಬಿದ ಐದು ತೋಟಾ

ಹೇಝಲ್ ಫೋರ್ಕ್, ಕೆಂಟಕಿ
೧೬ ಅಕ್ಟೋಬರ್ ೨೦೦೩, ಗುರುವಾರ

ಪ್ರೀತಿಯ ಮಗಳು ಲೋರ್ನಾಳಿಗೆ,

ನಿನ್ನ ಕೆಮ್ಮು ಹೇಗಿದೆ? ಎದೆ ಕಟ್ಟಿದೆ ಎಂದು ಹೋದ ಕಾಗದದಲ್ಲಿ ಬರೆದಿದ್ದೆ. ಚಳಿ ಶುರುವಾದರೆ ನಿನ್ನಮ್ಮನಿಗೂ ಹಾಗೇ ಆಗುತ್ತಿತ್ತು. ಜೇನು ಹಾಕಿದ ಬಿಸಿ ವಿಸ್ಕಿ ಒಂದೇ ಚಮಚ ಎಂದು ಹೇಳಿ ಮೂರು ಚಮಚ ಕುಡಿಯುತ್ತಿದ್ದಳು, ಪುಣ್ಯಾತ್ಗಿತ್ತಿ. ನಾನು ಚೆನ್ನಾಗಿದ್ದೇನೆ. ಎಡಗಣ್ಣಿನ ಪೊರೆ ತೆಗೆಸಿ ಎಂಟು ದಿನವಾಯಿತು. ಇನ್ನೆರಡು ವಾರ ಗಾಡಿ ಓಡಿಸಬಾರದಂತೆ. ಗುರಿ ಹಿಡಿಯುವುದಕ್ಕೆ ಬಲಗಣ್ಣು ಇದೆಯಲ್ಲ, ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನೀನು ನಿನ್ನಮ್ಮನ ಹಾಗೆ ಕಾಗದದ ಕೊನೆಯ ಪುಟ ಮೊದಲು ಓದುವವಳು. ಈ ಸಲ ಹಾಗೆ ಮಾಡಬೇಡ, ಮೇಲಿನಿಂದ ನಿಧಾನವಾಗಿ ಓದು. ನಾನು ಯೋಚಿಸಿ ಯೋಚಿಸಿ ಬರೆಯುತ್ತಿದ್ದೇನೆ. ಎರಡು ವರ್ಷ ಕಾಲೇಜಿಗೆ ಹೋದೆನಲ್ಲ, ಅಲ್ಲಿ ಇಂಗ್ಲಿಷ್ ಪ್ರಬಂಧ ಕಲಿಸುತ್ತಿದ್ದ ಮೇಷ್ಟ್ರು ಪತ್ರ ಬರೆಯಲು ಮೂರು ನಿಯಮ ಹೇಳಿಕೊಟ್ಟಿದ್ದರು. ಎರಡು ಮರೆತುಹೋಗಿವೆ. ಉಳಿದಿರುವುದು, ಮುಖ್ಯ ವಿಷಯ ಮೊದಲ ಸಾಲಿನಲ್ಲಿರಬೇಕು ಎಂಬುದು. ನನ್ನ ಪ್ರತಿ ಹಾಳೆಯ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ, ನಮ್ಮ ಮನೆತನದ ಹೆಸರು ಹಿಡಿದು, ‘ವಿಷಯಕ್ಕೆ ಬಾ, ಸ್ಟಿಡಮ್’ ಎಂದು ಬರೆಯುತ್ತಿದ್ದರು. ಬರುತ್ತೇನೆ.

ಮಂಗಳವಾರ ಮಧ್ಯಾಹ್ನ ಡ್ವೈಟ್ ಬಂದಿದ್ದ. ನಿನ್ನ ಗಂಡನಾಗಿದ್ದವನು ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ನಿನ್ನ ದವಡೆ ಮುರಿದದ್ದಕ್ಕೆ ಹದಿನಾಲ್ಕು ತಿಂಗಳು ಒಳಗಿದ್ದು, ಹೊರಗೆ ಬಂದು ಒಂಬತ್ತು ದಿನವಾಗಿತ್ತಷ್ಟೆ. ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ಕೈಯಲ್ಲಿ ನಿನ್ನಮ್ಮ ಪೈ ಬೇಯಿಸುತ್ತಿದ್ದ ತಟ್ಟೆ. ‘ಮಾವ, ಇದು ಅತ್ತೆಯವರದ್ದು. ನಮ್ಮಮ್ಮನ ಮನೇಲಿ ಉಳಿದುಬಿಟ್ಟಿತ್ತು’ ಎಂದ. ಯಾರೂ ಕೂರು ಎನ್ನದೆ ನಿನ್ನಮ್ಮನ ಕುರ್ಚಿಯಲ್ಲೇ ಕೂತ. ‘ಲೋರ್ನಾ ಎಲ್ಲಿದ್ದಾಳೆ ಅಂತ ಕೇಳಲ್ಲ ಬಿಡಿ. ಕೇಳಿದ್ರೂ ನೀವು ಹೇಳೋರಲ್ಲ. ನಂಗೇನೂ ಆತುರ ಇಲ್ಲ ಮಾವ.’ ದನಿ ಎಷ್ಟು ಮೆತ್ತಗಿತ್ತೆಂದರೆ, ಅವನು ಕೂಗಾಡಿದ್ದರೇ ನನಗೆ ಸಮಾಧಾನವಾಗುತ್ತಿತ್ತು. ಮೇಜಿನ ಮೇಲೆ ನೀನು ನನ್ನ ಹುಟ್ಟುಹಬ್ಬಕ್ಕೆ ಕಳಿಸಿದ ಮಿಠಾಯಿ ಡಬ್ಬ ಇತ್ತು. ಕೇಳದೆ ಒಂದು ತೆಗೆದು ಬಾಯಿಗೆ ಹಾಕಿಕೊಂಡ. ‘ಉಪ್ಪುಪ್ಪಾಗಿ ಚೆನ್ನಾಗಿದೆ. ನಮ್ಮ ಕಡೆ ಸಿಗಲ್ವಲ್ಲ ಇದು?’ ಬಂದೂಕಿನಂಗಡಿಯ ವಿಲ್ಮಾ ಕೊಟ್ಟಿದ್ದು ಎಂದೆ. ನಕ್ಕ. ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಹೋದ.

ಅವನು ಹೋದ ಮೇಲೆ ಡಬ್ಬದ ಮುಚ್ಚಳ ನೋಡಿದೆ. ಅಂಗಡಿಯ ಹೆಸರು, ಅದರ ಕೆಳಗೆ ಊರಿನ ಹೆಸರು, ಚಿನ್ನದ ಅಕ್ಷರದಲ್ಲಿ. ನಿನ್ನ ಊರು ಯಾರಿಗೂ, ನನಗೂ, ತಿಳಿಯಬಾರದೆಂದೇ ಸರ್ಕಾರಿ ಕಚೇರಿಯವರ ಕೈಯಿಂದ ನಮ್ಮ ಕಾಗದ ದಾಟಿಸುವುದು. ಡಬ್ಬ ಅದನ್ನು ಹೇಳಿಬಿಡುತ್ತದೆಂದು ಕಳಿಸಿದ ನಿನಗೂ ಹೊಳೆಯಲಿಲ್ಲ, ತಿಂದ ನನಗೂ ಹೊಳೆಯಲಿಲ್ಲ. ಅವನು ಓದಿದನೋ ಇಲ್ಲವೋ ಗೊತ್ತಿಲ್ಲ. ಷೆರಿಫ್‌ಗೆ ಫೋನ್ ಮಾಡಿದೆ. ‘ಮಿಠಾಯಿ ತಿನ್ನೋದು ಅಪರಾಧ ಅಲ್ಲ ವರ್ಲಿನ್’ ಎಂದ.

ಅದಕ್ಕೇ ನಿನ್ನೆ ನಾನೂ ದಿನಾ ಜೇಬಿನಲ್ಲಿ ಇಟ್ಟುಕೊಳ್ಳಲು ಒಂದು ಪುಟ್ಟ ರಿವಾಲ್ವರ್ ಕೊಂಡೆ. ನನ್ನ ಹಳೆಯದು ನಿನಗೆ ಗೊತ್ತಲ್ಲ, ಸೊಂಟಕ್ಕೆ ಕಟ್ಟಿದರೆ ಪ್ಯಾಂಟು ಇಳಿಯುತ್ತದೆ. ಅಂಗಡಿಯ ವಿಲ್ಮಾ ಕ್ಯಾಂಟ್ರೆಲ್ ಎರಡನ್ನು ಬಟ್ಟೆಯ ಮೇಲಿಟ್ಟಳು, ಆಗಸ್ಟಿನಲ್ಲಿ ನಿನ್ನ ಮುಂದೆ ಇಟ್ಟಳಲ್ಲ, ಅಂಥವೇ ಎರಡು. ಒಂದು ಉಕ್ಕಿನದು, ಇನ್ನೊಂದು ಹಗುರ ಲೋಹದ್ದು. ಎರಡಕ್ಕೂ ಐದೇ ತೋಟಾ. ‘ಈ ಹಗುರದ್ದು ಹೊರೋಕೆ ಸ್ವರ್ಗ, ಹೊಡೆಯೋಕೆ ನರಕ. ನಿನ್ನಂಥ ಮುದುಕ ಒಂದು ದಿನ ಅಭ್ಯಾಸ ಮಾಡಿ ಮೂಲೆಗೆ ಎಸೀತಾನೆ. ಉಕ್ಕಿನದು ತಗೋ, ವಾರಾ ವಾರಾ ಐವತ್ತು ಹೊಡಿ, ನಿನ್ನ ಕೈ ನಿನ್ನ ಜೊತೇಲೇ ಇರುತ್ತೆ.’ ನನ್ನ ಮಗಳ ಹತ್ತಿರ ಇರುವಂಥ ಹಗುರದ್ದೇ ಬೇಕು ಎಂದೆ. ‘ಜೋಡಿ ಅಂಗಿ ಹೊಲಿಸ್ತಿದೀಯೇನೋ?’ ಎಂದಳು. ಕೊಟ್ಟಳು. ತೋಟಾ ಡಬ್ಬ ತೆಗೆಯಲು ಹೋದಾಗ ಬೇಡವೆಂದೆ, ಮನೆಯಲ್ಲಿ ನಾನೇ ತುಂಬಿದ್ದು ಇದೆ. ‘ಜೇಬಿನ ರಿವಾಲ್ವರಿಗೆ ಅಂಗಡಿ ತೋಟಾನೇ ಹಾಕೋ, ಜಂಬ ಬಿಡೋ’ ಎಂದು ಬೈದಳು. ಮೂವತ್ತು ವರ್ಷದಿಂದ ಆ ಕೊಟ್ಟಿಗೆಯ ಯಂತ್ರದಲ್ಲಿ ಹಿತ್ತಾಳೆ ಕೊಳವೆಗೆ ಮದ್ದು ತುಂಬಿ, ಗುಂಡು ಕೂರಿಸಿ ತೋಟಾ ಒತ್ತುತ್ತಿದ್ದೇನೆ, ಒಂದೂ ಹುಸಿಹೋಗಿಲ್ಲ. ನೀನು ಹೊರಟ ದಿನ ನಿನಗೆ ಒಂದು ಡಬ್ಬ ತುಂಬ ಕೊಟ್ಟದ್ದೂ ಅವನ್ನೇ. ಒಂದೊಂದನ್ನೂ ಅಂಗಿಯ ತುದಿಯಿಂದ ಒರೆಸಿ ಕೊಟ್ಟಿದ್ದೆ.

ನಿನ್ನ ಅಭ್ಯಾಸದ ಮಾತು. ಭಾನುವಾರ ಭಾನುವಾರ ಎರಡು ಗುಂಡು ಹೊಡೆಯುವಷ್ಟರಲ್ಲಿ ಅಂಗೈ ಉರಿಯುತ್ತದೆ, ನಿಲ್ಲಿಸಿಬಿಡುತ್ತೇನೆ ಎಂದು ಬರೆದಿದ್ದೆ. ನಿಲ್ಲಿಸಬೇಡ ಮಗಾ. ಕೈಗವಸು ಹಾಕಿಕೋ, ಐದೂ ಹೊಡಿ. ಅದು ಸದಾ ಮೈಮೇಲಿರಲಿ. ಚೀಲದಲ್ಲಿಡಬೇಡ, ಚೀಲ ಕಿತ್ತುಕೊಳ್ಳುವವನು ಅದನ್ನೂ ಕಿತ್ತುಕೊಳ್ಳುತ್ತಾನೆ. ಮಿಠಾಯಿ ಅಂಗಡಿಯ ಬೀದಿಗೆ ಸದ್ಯಕ್ಕೆ ಹೋಗಬೇಡ.

ನಿನ್ನ ಬಾಗಿಲು ತಟ್ಟುವವರೆಲ್ಲ ಒಳ್ಳೆಯವರೇ ಆಗಿರಲಿ ಎಂದು ದಿನಾ ಊಟಕ್ಕೆ ಮುಂಚೆ ಕೇಳಿಕೊಳ್ಳುತ್ತೇನೆ. ನಿನ್ನಮ್ಮನ ಪಾಲಿನ ಮುತ್ತೂ ನನ್ನದರ ಜೊತೆಗಿದೆ.

ನಿನ್ನ ಅಪ್ಪ,
ವರ್ಲಿನ್

ತಾ.ಕ.: ಶನಿವಾರ ಬೆಳಿಗ್ಗೆ. ವಿಷಯಕ್ಕೆ ಬರುತ್ತೇನೆ. ಲೋರ್ನಾ, ನಿನ್ನ ರಿವಾಲ್ವರಿನಲ್ಲಿರುವ, ನಾನು ಕೊಟ್ಟ ಐದನ್ನೂ ಈ ಕ್ಷಣವೇ ತೆಗೆದುಹಾಕು. ಅಂಗಡಿಯವು ಹಾಕು. ಈಗಷ್ಟೇ ಕೊಟ್ಟಿಗೆಯ ಹಿಂದೆ ಹೊಸದನ್ನು ಹೊಡೆದು ನೋಡಿದೆ. ಒಂದು ಹೋಯಿತು, ಎರಡು ಹೋಯಿತು, ಮೂರಕ್ಕೆ ಟ್ರಿಗರ್ ಅಲುಗಲಿಲ್ಲ. ಎರಡು ಕೈಯಿಂದ ಎಳೆದರೂ ಇಲ್ಲ. ಅದು ಅಷ್ಟು ಹಗುರ, ಒದೆಯುವ ರಭಸಕ್ಕೆ ಉಳಿದ ತೋಟಾಗಳ ಗುಂಡು ಹಿತ್ತಾಳೆ ಕೊಳವೆಯಿಂದ ಮುಂದೆ ಜಾರಿ, ತಿರುಗುವ ಉರುಳೆಯನ್ನೇ ಕಚ್ಚಿ ಹಿಡಿದಿತ್ತು. ಬಿಡಿಸಿ ಮತ್ತೆ ತುಂಬಿದೆ. ಮತ್ತೆ ಮೂರಕ್ಕೇ ನಿಂತಿತು. ನನ್ನ ಹಳೆಯ ಭಾರದ ರಿವಾಲ್ವರಿಗೆ ಸಾಕಾಗುವಷ್ಟೇ, ಗುಂಡನ್ನು ಬಿಗಿಹಿಡಿಯುವ ಅವುಗಳ ಕತ್ತು ಒತ್ತಿದ್ದೆ, ಇದಕ್ಕೆ ಅದು ಸಾಲದು. ನಿನ್ನವೂ ಇವೂ ಒಂದೇ ದಿನ ತುಂಬಿದವು. ನೀನು ಎರಡಕ್ಕೇ ನಿಲ್ಲಿಸುತ್ತಿದ್ದೆ, ನಿನಗೆ ತಿಳಿಯುವಂತಿರಲಿಲ್ಲ. ವಿಲ್ಮಾ ಬಂದು ನೋಡಿದಳು. ಅವಳು ಬೈಯಲೇ ಇಲ್ಲ.

ಡ್ವೈಟ್‌ನ ಗಾಡಿ ನಿನ್ನೆ ಮಧ್ಯಾಹ್ನದಿಂದ ಕಾಣುತ್ತಿಲ್ಲ. ಮೀನು ಹಿಡಿಯಲು ಹೋಗಿದ್ದಾನೆ ಎನ್ನುತ್ತಾಳೆ ಅವನ ತಾಯಿ. ಅವನ ಗಾಳದ ಕೋಲುಗಳು ಅವಳ ಜಗಲಿಯಲ್ಲೇ ನೇತಾಡುತ್ತಿರುವುದನ್ನು ವಿಲ್ಮಾ ಕಣ್ಣಾರೆ ಕಂಡಿದ್ದಾಳೆ. ಕಾಗದ ದಾಟಿಸುವ ಕಚೇರಿ ಸೋಮವಾರದವರೆಗೆ ಮುಚ್ಚಿದೆ, ಅವರ ಫೋನಿನ ಯಂತ್ರದಲ್ಲಿ ಸಂದೇಶ ಬಿಟ್ಟಿದ್ದೇನೆ. ಡಬ್ಬದ ಮೇಲಿನ ಊರಿನ ಪೊಲೀಸರಿಗೂ ಫೋನ್ ಮಾಡಿದೆ. ನಿಮ್ಮ ಮಗಳು ಇಲ್ಲಿ ಯಾವ ಹೆಸರಿನಲ್ಲಿದ್ದಾಳೆ ಎಂದು ಕೇಳಿದರು. ನನಗೆ ಗೊತ್ತಿಲ್ಲ. ವಿಲ್ಮಾ ತನ್ನ ಬೂದು ಗಾಡಿ ತಂದು ನಿಲ್ಲಿಸಿದ್ದಾಳೆ, ಈಗಲೇ ಹೊರಡುತ್ತಿದ್ದೇವೆ. ನಾನೂರು ಮೈಲಿ. ಆ ಮಿಠಾಯಿ ಅಂಗಡಿಯ ಎದುರು ಕಾಯುತ್ತಿರುತ್ತೇವೆ. ನಾವು ನಿನ್ನನ್ನು ಕಾಣದೇ ಹೋದರೆ ಎಂದು ಇದನ್ನೂ ಅಂಚೆಗೆ ಹಾಕುತ್ತಿದ್ದೇನೆ. ಲಕೋಟೆಯ ಮೇಲೆ ಕಚೇರಿಯ ವಿಳಾಸ ಬಿಟ್ಟು ಬೇರೇನೂ ಬರೆಯುವಂತಿಲ್ಲ, ಅವರ ನಿಯಮ. ಮೊದಲ ಪುಟದಲ್ಲಿ ನಾನು ಹೇಳಿದ ಮಾತನ್ನು ನೀನು ಕೇಳಿರಬಾರದು ಮಗಾ. ನಿನ್ನಮ್ಮನ ಹಾಗೆ ಇಲ್ಲಿಂದಲೇ ಓದಲು ಶುರುಮಾಡಿರಬೇಕು.